ಡೇರೆಯ ಗಡ್ಡೆಗೆ ಮಳೆಗಾಲದ ಆಸರೆ

ಊರಿಗೆ ಹೋಗಿ ಮುಂಬಯಿಗೆ ಮರಳುವ ಕನ್ನಡಿಗನ ಗಂಟನ್ನು ಬಿಚ್ಚಿ ನೋಡಿದರೆ ಅವನು ಯಾವ ಸೀಮೆಯವನೆಂದು ಹೇಳಬಹುದು. ಧಾರವಾಡದ ಪೇಢೆ, ಬೆಳಗಾವಿಯ ಕುಂದಾ, ಗೋಕಾಕದ ಕರದಂಟು ಬಂದರೆ ಅವನು ಬಡಗಣ ಬಯಲಿನವನು. ಕುಚ್ಚಿಲಕ್ಕಿ, ಹಲಸಿನ ಹಪ್ಪಳ ಬಂದರೆ ಕರಾವಳಿಯವನು. ಅಪ್ಪೆಮಿಡಿಯ ಉಪ್ಪಿನಕಾಯಿ, ಜೋನಿಬೆಲ್ಲ ಬಂದರೆ ಶಿರಸಿ, ಸಿದ್ದಾಪುರ, ಸಾಗರಗಳ ಕಡೆಯವನು. ಈ ಕೊನೆಯ ಗಂಟಿನ ತಳದಲ್ಲಿ ಒಮ್ಮೊಮ್ಮೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ, ಮಣ್ಣು ಮೆತ್ತಿದ, ಸಣ್ಣ ಗೆಣಸಿನ ಗೊಂಚಲಿನಂತಹ ವಸ್ತುವೊಂದು ಸಿಗುತ್ತದೆ. ಅದು ತಿನ್ನುವುದಕ್ಕೆ ತಂದದ್ದಲ್ಲ. ಅದು ಡೇರೆಯ ಗಡ್ಡೆ.

ಬಯಲುಸೀಮೆಯ ವಾಚಕರಿಗೆ ಡೇರೆಯೆಂದರೆ ಗುಡಾರ. ಮಲೆನಾಡಿನವರಿಗಾದರೋ ಅದು ಹೂವು. ಪೇಟೆಯವರು ಡೇಲಿಯಾ ಎಂದು ಕರೆಯುವ ಹೂವು. ಶ್ರಾವಣ ಭಾದ್ರಪದಗಳಲ್ಲಿ ಮಲೆನಾಡಿನ ಅಂಗಳಗಳಲ್ಲಿ ಅಂಗೈಯಗಲದ ಕೆಂಪು, ಹಳದಿ, ಬಿಳಿ, ನೇರಳೆ ಹೂಗಳು ತುಂಬಿ ನಿಲ್ಲುತ್ತವೆ. ಹೆಣ್ಣುಮಕ್ಕಳು ಅದನ್ನು ಮುಡಿಯುತ್ತಾರೆ. ಚೌತಿಯ ಗಣಪತಿಗೆ ಏರಿಸುತ್ತಾರೆ. ನೆಂಟರ ಮನೆಗೆ ಹೋದಾಗ ತಮ್ಮಲ್ಲಿಲ್ಲದ ಬಣ್ಣವನ್ನು ಕಂಡರೆ ಗಡ್ಡೆಯೊಂದನ್ನು ಕೇಳಿ ಪಡೆಯುತ್ತಾರೆ. ಮಗಳು ಮದುವೆಯಾಗಿ ಡೊಂಬಿವಲಿಗೋ ನೆರೂಳಿಗೋ ಬಂದಾಗ ತವರಿನ ಗಡ್ಡೆಯೂ ಜೊತೆಗೆ ಬರುವುದು ಹೀಗೆಯೇ.

ಆದರೆ ಬಂದ ಗಡ್ಡೆಯ ಮುಂದಿನ ಕಥೆ ಹೆಚ್ಚಿನ ಮನೆಗಳಲ್ಲಿ ಒಂದೇ ತೆರನಾಗಿರುತ್ತದೆ. ಗ್ಯಾಲರಿಯ ಕುಂಡದಲ್ಲಿ ನೆಟ್ಟ ಗಡ್ಡೆ ಮೊದಲ ವರ್ಷ ಹೇಗೋ ಹೂ ಬಿಡುತ್ತದೆ. ಮನೆಮಂದಿ ಸಂತೋಷಪಡುತ್ತಾರೆ, ನೆರೆಯವರನ್ನು ಕರೆದು ತೋರಿಸುತ್ತಾರೆ. ಮರುವರ್ಷ ಕುಂಡವನ್ನು ಕೆದಕಿ ನೋಡಿದರೆ ಅಲ್ಲಿ ಗಡ್ಡೆಯಿಲ್ಲ; ಕೊಳೆತ ಸಿಪ್ಪೆ ಮಾತ್ರ. ಆಗ ಹೊರಡುವ ತೀರ್ಪು ಇದು: “ಮುಂಬಯಿಯ ನೀರಿಗೆ ಡೇರೆ ಬಾರದು.” ಈ ತೀರ್ಪು ನ್ಯಾಯವಾದುದಲ್ಲ. ದೋಷವಿರುವುದು ನೀರಿನಲ್ಲಲ್ಲ, ಪಂಚಾಂಗದಲ್ಲಿ. ಗಿಡವು ದುಡಿಯುವ ಕಾಲ ಯಾವುದು, ಮಲಗುವ ಕಾಲ ಯಾವುದು ಎಂಬುದನ್ನು ಠಾಣೆ, ಕಲ್ಯಾಣಗಳ ಹವೆಗೆ ತಕ್ಕಂತೆ ತಿರುಗಿಸಿಕೊಂಡರೆ ತವರಿನ ಗಡ್ಡೆಯನ್ನು ಇಲ್ಲಿಯೂ ವರ್ಷವರ್ಷ ಕಾಪಾಡಿಕೊಳ್ಳಬಹುದು.

ಹೂವಿನ ಹುಟ್ಟೂರು

ಡೇಲಿಯಾದ ಮೂಲಸ್ಥಾನ ಮೆಕ್ಸಿಕೊ ಮತ್ತು ಅದರ ನೆರೆಯ ಮಧ್ಯ ಅಮೆರಿಕೆಯ ಎತ್ತರದ ಮಲೆಗಳು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಅರಸನ ವೈದ್ಯನಾಗಿ ಅಲ್ಲಿಗೆ ಹೋದ ಫ್ರಾನ್ಸಿಸ್ಕೊ ಹೆರ್ನಾಂಡೆಸ್ ಎಂಬಾತನು ಆ ದೇಶದ ಮೂಲಿಕೆಗಳನ್ನು ವರ್ಣಿಸುವಾಗ ಈ ಗಿಡಗಳನ್ನೂ ವರ್ಣಿಸಿದನು. ಎರಡು ಶತಮಾನಗಳ ತರುವಾಯ ಮ್ಯಾಡ್ರಿಡ್ ನಗರದ ರಾಜೋದ್ಯಾನಕ್ಕೆ ಅದು ತಲಪಿತು. ಅಲ್ಲಿನ ಸಸ್ಯಶಾಸ್ತ್ರಜ್ಞ ಕಾವನಿಲೆಸ್ 1791ರಲ್ಲಿ ಅದಕ್ಕೆ ಡೇಲಿಯಾ ಎಂಬ ಹೆಸರಿಟ್ಟನು. ಲಿನೇಯಸನ ಶಿಷ್ಯನೂ ಸ್ವೀಡನ್ ದೇಶದವನೂ ಆದ ಆಂಡರ್ಸ್ ಡಾಲ್ ಎಂಬ ವಿದ್ವಾಂಸನ ನೆನಪಿಗಾಗಿ ಇಟ್ಟ ಹೆಸರದು. ಆ ಹೆಸರು ಯೂರೋಪಿನ ತೋಟಗಳನ್ನೆಲ್ಲ ಸುತ್ತಿ ಭರತಖಂಡಕ್ಕೆ ಬಂದು, ಮಲೆನಾಡಿನ ನಾಲಿಗೆಯಲ್ಲಿ ಡೇರೆಯಾಯಿತು. ಮೆಕ್ಸಿಕೊ ದೇಶವು 1963ರಲ್ಲಿ ಅದನ್ನು ತನ್ನ ರಾಷ್ಟ್ರಪುಷ್ಪವೆಂದು ಸಾರಿತು.

ಈ ಚರಿತ್ರೆಯಲ್ಲಿ ನಮಗೆ ಉಪಯುಕ್ತವಾದ ಅಂಶವೊಂದಿದೆ. ಮೆಕ್ಸಿಕೊದ ಮಲೆಗಳಲ್ಲಿ ಜೂನಿನಿಂದ ಅಕ್ಟೋಬರದವರೆಗೆ ಮಳೆಗಾಲ. ಆಗ ಡೇಲಿಯಾ ಚಿಗುರಿ, ಬೆಳೆದು, ಹೂ ಬಿಡುತ್ತದೆ. ತರುವಾಯ ಒಣಹವೆ. ಆಗ ಗಿಡದ ಮೇಲ್ಭಾಗ ಸಾಯುತ್ತದೆ. ನೆಲದೊಳಗಿನ ಗಡ್ಡೆಯು ತಾನು ಕೂಡಿಟ್ಟ ಆಹಾರವನ್ನೂ ನೀರನ್ನೂ ನಂಬಿಕೊಂಡು ಮುಂದಿನ ಮಳೆಯವರೆಗೆ ಮಲಗುತ್ತದೆ. ಎಂದರೆ ಗಡ್ಡೆಗೆ ಬೇಕಾದುದು ಚಳಿಯಲ್ಲ. ಒಣಗಿದ, ತಂಪಾದ, ಗಲಿಬಿಲಿಯಿಲ್ಲದ ವಿಶ್ರಾಂತಿ. ಮಲೆನಾಡಿನ ಋತುಕ್ರಮವೂ ಬಹುಮಟ್ಟಿಗೆ ಇದೇ ಆಗಿದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿರುವ ಶಿರಸಿಯಲ್ಲಿ ಮೊದಲ ಮಳೆ ಬಿದ್ದಾಗ ಗಡ್ಡೆಯನ್ನು ನೆಟ್ಟರೆ ಚೌತಿಯ ಹೊತ್ತಿಗೆ ಹೂ ಬರುವುದು ಈ ಕಾರಣದಿಂದಲೇ. ಡೇರೆಯು ಮಲೆನಾಡಿನಲ್ಲಿ ಪರದೇಶಿಯಾಗಿ ಉಳಿಯದೆ ಮನೆಮಗಳಾದುದಕ್ಕೆ ಅಲ್ಲಿನ ಹವೆಯೂ ಕಾರಣ, ಅಲ್ಲಿನ ಕೈಗಳೂ ಕಾರಣ.

ಇನ್ನು ಆಂಗ್ಲ ಪುಸ್ತಕಗಳು. ಇಂಗ್ಲೆಂಡಿನಲ್ಲಿ ಬೇಸಿಗೆಯಲ್ಲಿ ಹೂ. ಶರತ್ಕಾಲದ ಮೊದಲ ಹಿಮಕ್ಕೆ ಗಿಡ ಕಪ್ಪಾಗುತ್ತದೆ. ಆಗ ಗಡ್ಡೆಯನ್ನು ಕಿತ್ತು, ಹಿಮ ಮುಟ್ಟದ ನೆಲಮಾಳಿಗೆಯಲ್ಲಿಟ್ಟು ಚಳಿಗಾಲವನ್ನು ದಾಟಿಸಬೇಕೆಂದು ಆ ಪುಸ್ತಕಗಳು ಹೇಳುತ್ತವೆ. ಅದನ್ನೋದಿ ಡಿಸೆಂಬರದಲ್ಲಿ ಗಡ್ಡೆ ಕೀಳುವ ಡೊಂಬಿವಲಿಯ ಗೃಹಸ್ಥನು ಗಿಡವು ದುಡಿಯಬೇಕಾದ ಹೊತ್ತಿನಲ್ಲಿ ಅದನ್ನು ಮಲಗಿಸುತ್ತಾನೆ. ಊರಿನ ಪದ್ಧತಿಯನ್ನು ನೆನೆದು ಮೃಗಶಿರಾ ಮಳೆಗೆ ಗಡ್ಡೆಯನ್ನು ನೆಡುವವಳು ಮಲಗಿರಬೇಕಾದ ಹೊತ್ತಿನಲ್ಲಿ ಅದನ್ನು ಎಬ್ಬಿಸುತ್ತಾಳೆ. ಠಾಣೆಯ ಸೀಮೆಯ ಮಳೆಗಾಲದಲ್ಲಿ ರಾತ್ರಿಯೂ ಸೆಕೆ ಇಳಿಯುವುದಿಲ್ಲ, ವಾರಗಟ್ಟಲೆ ಬಿಸಿಲಿಲ್ಲ, ಕುಂಡದ ಮಣ್ಣು ಕೆಸರಾಗಿಯೇ ಇರುತ್ತದೆ. ಡೇರೆಯು ಬೆಚ್ಚನೆಯ ಕೆಸರನ್ನು ತಾಳಲಾರದು. ಇಲ್ಲಿ ಅದಕ್ಕೆ ಒಪ್ಪುವ ಕಾಲವೆಂದರೆ ಮಳೆ ಹಿಂದೆ ಸರಿದ ಅಕ್ಟೋಬರದಿಂದ ಹೋಳಿಹುಣ್ಣಿಮೆಯವರೆಗಿನದು. ಆದುದರಿಂದ ಪರದೇಶದವರು ಚಳಿಗಾಲದಲ್ಲಿ ಮಾಡುವ ರಕ್ಷಣೆಯನ್ನು ನಾವು ಬೇಸಿಗೆಯಲ್ಲಿಯೂ ಮಳೆಗಾಲದಲ್ಲಿಯೂ ಮಾಡತಕ್ಕದ್ದು.

ಬೀಜದಿಂದ ಬಾರದ ಬಣ್ಣ

ಒಂದು ಗಡ್ಡೆ ಕೊಳೆತರೇನಾಯಿತು, ಘೋಡ್‌ಬಂದರ್ ರಸ್ತೆಯ ನರ್ಸರಿಗಳಲ್ಲಿ ಚಳಿಗಾಲಕ್ಕೆ ಹೊಸ ಗಿಡ ಸಿಗುವುದಿಲ್ಲವೇ ಎಂದು ಕೇಳುವವರುಂಟು. ಡೇಲಿಯಾ ಸಿಗುತ್ತದೆ, ಅದೇ ಡೇರೆ ಸಿಗುವುದಿಲ್ಲ. ಇದಕ್ಕೆ ಶಾಸ್ತ್ರಸಮ್ಮತವಾದ ಕಾರಣವಿದೆ. ಸಾಮಾನ್ಯ ಸಸ್ಯಗಳ ಜೀವಕೋಶದಲ್ಲಿ ವರ್ಣತಂತುಗಳು ಎರಡು ಕಂತೆಗಳಾಗಿದ್ದರೆ ತೋಟದ ಡೇಲಿಯಾದಲ್ಲಿ ಎಂಟು ಕಂತೆಗಳು, ಒಟ್ಟು 64 ವರ್ಣತಂತುಗಳು. ಅವು ಬೀಜದಲ್ಲಿ ಹೇಗೆ ಹಂಚಿಹೋಗುತ್ತವೆಂಬುದನ್ನು ಹೇಳಲು ಬಾರದು. ಒಂದೇ ಹೂವಿನ ಬೀಜಗಳನ್ನು ಬಿತ್ತಿದರೆ ಒಂದು ಗಿಡದ ಹೂ ಇನ್ನೊಂದರಂತಿರುವುದಿಲ್ಲ, ತಾಯಿಯಂತೆಯೂ ಇರುವುದಿಲ್ಲ. ಹೊಸ ತಳಿಗಳು ಹುಟ್ಟುವುದು ಹೀಗೆ. ಹಳೆಯ ತಳಿ ಉಳಿಯಬೇಕಾದರೆ ಗಡ್ಡೆಯ ಮೂಲಕ ಅಥವಾ ಆ ಗಡ್ಡೆಯಿಂದ ಚಿಗುರಿದ ಕುಡಿಯ ಮೂಲಕವೇ ಉಳಿಯಬೇಕು.

ಹಾಗಾದರೆ ಅಜ್ಜಿಯ ಅಂಗಳದ, ಅಂಚಿನಲ್ಲಿ ಬಿಳಿ ಬಳಿದಂತಿದ್ದ ಕೆಂಪು ಡೇರೆಯು ಇಂದಿಗೂ ಇದೆಯೆಂದರೆ ಅದರ ಅರ್ಥವೇನು? ನಡುವಿನ ಒಂದೊಂದು ವರ್ಷವೂ ಯಾರೋ ಒಬ್ಬರು ಆ ಗಡ್ಡೆಯನ್ನು ನೆನಪಿಟ್ಟು ತೆಗೆದು, ನೆನಪಿಟ್ಟು ನೆಟ್ಟಿದ್ದಾರೆ ಎಂದರ್ಥ. ಒಂದು ವರ್ಷ ಮರೆತರೆ ಸರಪಳಿ ಕಡಿಯಿತು. ಇಂದು ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮುದುಕರಿಬ್ಬರೇ ಉಳಿದಿದ್ದಾರೆ. ಎಷ್ಟೋ ಮನೆಗಳ ಕದಕ್ಕೆ ಬೀಗ ಬಿದ್ದಿದೆ. ಮನೆಯ ಪಾತ್ರೆ ಪದಾರ್ಥಗಳನ್ನು ಪಾಲು ಮಾಡಿಕೊಳ್ಳುವಾಗ ಅಂಗಳದ ಮಣ್ಣಿನಲ್ಲಿರುವ ಗಡ್ಡೆಯನ್ನು ನೆನೆಯುವವರು ವಿರಳ. ಹೀಗಿರುವಾಗ ಡೊಂಬಿವಲಿಯ ಗ್ಯಾಲರಿಯಲ್ಲಿರುವ ಗಡ್ಡೆಯು ಆ ತಳಿಯ ಕೊನೆಯ ಗಡ್ಡೆಯಾಗಿರಲೂ ಸಾಕು.

ಕುಂಡ, ಮಣ್ಣು, ಬಿಸಿಲು

ಮೊದಲು ಬಿಸಿಲಿನ ವಿಚಾರ. ಡೇರೆಗೆ ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕು. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿ ಸಾಗುವುದರಿಂದ ತೆಂಕಣ ಗ್ಯಾಲರಿಯೇ ಸರ್ವೋತ್ತಮ, ಮೂಡಣವು ಎರಡನೆಯದು. ಬಡಗಣ ಗ್ಯಾಲರಿಗೆ ಆ ತಿಂಗಳುಗಳಲ್ಲಿ ಬಿಸಿಲೇ ಬೀಳದು; ಅಲ್ಲಿ ಗಿಡ ಸಣಕಲಾಗಿ ಬೆಳೆದೀತೇ ಹೊರತು ಹೂ ಕೊಡಲಾರದು. ಎದುರು ಕಟ್ಟಡವು ಬಿಸಿಲನ್ನು ನುಂಗುವ ಮನೆಯವರು ಸೊಸೈಟಿಯ ಅಪ್ಪಣೆ ಪಡೆದು ತಾರಸಿಯ ಮೂಲೆಯೊಂದನ್ನು ಆರಿಸಿಕೊಳ್ಳಬಹುದು. ಸಮುದ್ರದಿಂದ ಒಳಗಿರುವ ಕಲ್ಯಾಣ, ಬದಲಾಪುರಗಳ ಕಡೆ ಜನವರಿಯ ರಾತ್ರಿಗಳು ಮುಂಬಯಿಗಿಂತ ತಂಪಾಗಿರುತ್ತವೆ. ಅಲ್ಲಿಯವರಿಗೆ ಈ ಹೂವಿನ ಮಟ್ಟಿಗೆ ಅದೃಷ್ಟ ಹೆಚ್ಚು. ಖಾಡಿಯ ಅಂಚಿನ ವಾಶಿ, ಐರೋಳಿಗಳವರು ಮಧ್ಯಾಹ್ನದ ಬಿಸಿಲಿಗೆ ತುಸು ಮರೆ ಮಾಡಿದರೆ ಸಾಕು.

ಕುಂಡವು 10ರಿಂದ 12 ಅಂಗುಲ ಅಗಲದ್ದಿರಲಿ. ಸುಟ್ಟ ಮಣ್ಣಿನ ಕುಂಡ ಉತ್ತಮ. ಅದರ ಮೈಯಿಂದ ನೀರು ಆರುವುದರಿಂದ ಬೇರು ತಂಪಾಗಿರುತ್ತದೆ. ಪ್ಲಾಸ್ಟಿಕ್ ಡಬ್ಬಿಯಾದರೆ ತಳದಲ್ಲಿ ನಾಲ್ಕಾರು ರಂಧ್ರಗಳು ಬೇಕು. ಮಲೆನಾಡಿನ ಹೆಂಗಸರು ಸಿಮೆಂಟಿನ ಹಳೆಯ ಚೀಲದಲ್ಲಿಯೂ ಡೇರೆಯನ್ನು ಬೆಳೆಸುತ್ತಾರೆ. ಮಳೆ ಹೆಚ್ಚಾದಾಗ ಚೀಲವನ್ನು ಸೂರಿನ ಕೆಳಕ್ಕೆ ಎಳೆದಿಡಲು ಸುಲಭ. ರಂಧ್ರದ ಮೇಲೆ ಒಡೆದ ಹಂಚಿನ ಚೂರನ್ನು ಬೋರಲಾಗಿಟ್ಟು ಮಣ್ಣು ತುಂಬಬೇಕು. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ದಪ್ಪಮರಳು, ಜೊತೆಗೆ ಒಂದು ಹಿಡಿ ಎಲುಬಿನ ಪುಡಿ, ಒಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿಯನ್ನು ಹಾಕಬಾರದು. ಮಣ್ಣು ಅಂಟಾಗಿದ್ದರೆ ಮರಳನ್ನು ಹೆಚ್ಚಿಸಬೇಕು.

ನೆಡುವುದರಿಂದ ಹೂವಿನವರೆಗೆ

ಇಲ್ಲಿ ಮಳೆಗಾಲವು ಹಿಂದೆ ಸರಿಯುವ ವಾಡಿಕೆಯ ದಿನ ಅಕ್ಟೋಬರ 8ರ ಸುಮಾರು. ಚಿತ್ತಾ ಮಳೆಯ ಹೊತ್ತು ನೆಡುವುದಕ್ಕೆ ಯೋಗ್ಯವಾದುದು. ಗಡ್ಡೆಯನ್ನು ನೆಡುವ ಮುನ್ನ ಅದರ ರಚನೆಯನ್ನು ಅರಿತಿರಬೇಕು. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಎಲ್ಲಿ ಕತ್ತರಿಸಿ ನೆಟ್ಟರೂ ಮೊಳೆಯುತ್ತದೆ. ಡೇರೆಯ ಗಡ್ಡೆಯ ಮೈಯಲ್ಲಿ ಕಣ್ಣೇ ಇಲ್ಲ. ಹಳೆಯ ಕಾಂಡವು ಗಡ್ಡೆಗಳನ್ನು ಸೇರುವ ನೆತ್ತಿಯಲ್ಲಿ ಮಾತ್ರ ಅದರ ಕಣ್ಣುಗಳಿರುತ್ತವೆ. ಗಡ್ಡೆಯ ಕುತ್ತಿಗೆ ಮುರಿದರೆ, ಅಥವಾ ಪಾಲು ಮಾಡುವಾಗ ನೆತ್ತಿಯ ಚೂರು ಅದರೊಡನೆ ಬಾರದಿದ್ದರೆ, ಆ ಗಡ್ಡೆ ಎಷ್ಟು ದಪ್ಪವಾಗಿದ್ದರೂ ಕುರುಡು. ಊರಿನಿಂದ ತರುವಾಗ ಚೀಲದಲ್ಲಿ ತುರುಕಿ ಕುತ್ತಿಗೆ ಮುರಿದುಕೊಂಡ ಗಡ್ಡೆಗಳೇ ‘ಮುಂಬಯಿಯಲ್ಲಿ ಮೊಳೆಯದ’ ಗಡ್ಡೆಗಳಲ್ಲಿ ಹಲವು.

ಕುಂಡದಲ್ಲಿ ಮೊದಲು ಊರುಗೋಲನ್ನು ನಿಲ್ಲಿಸಿ, ಆಮೇಲೆ ಗಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಕಣ್ಣು ಮೇಲಕ್ಕಿರುವಂತೆ ನಾಲ್ಕು ಅಂಗುಲ ಮಣ್ಣು ಮುಚ್ಚಬೇಕು. ಕೋಲನ್ನು ಆಮೇಲೆ ಚುಚ್ಚಹೋದರೆ ಅದು ಗಡ್ಡೆಗೇ ಚುಚ್ಚೀತು. ಮೊಳಕೆ ಕಾಣುವವರೆಗೆ ಮಣ್ಣಿನಲ್ಲಿರುವ ತೇವವೇ ಸಾಕು. ಪ್ರೀತಿಯಿಂದ ದಿನವೂ ನೀರೆರೆಯುವುದು ಬೇರಿಲ್ಲದ ಗಡ್ಡೆಗೆ ವಿಷವಾಗುತ್ತದೆ. ಗಿಡಕ್ಕೆ ಮೂರು ನಾಲ್ಕು ಜೊತೆ ಎಲೆ ಬಂದಾಗ ತುದಿಯನ್ನು ಚಿವುಟಿದರೆ ಕವಲೊಡೆಯುತ್ತದೆ. ಆಮೇಲೆ ನೀರಿನಲ್ಲಿ ಕಾರ್ಪಣ್ಯ ಕೂಡದು. ಬೆಳಿಗ್ಗೆ ನಲ್ಲಿ ಬರುವ ಹೊತ್ತಿನಲ್ಲಿ ಬುಡಕ್ಕೆ ತುಂಬ ಎರೆಯಬೇಕು. ಎಲೆಯ ಮೇಲೆ ಚಿಮುಕಿಸಬಾರದು. ಹಿಂಡಿಯನ್ನು ನೆನೆಸಿದ ತಿಳಿನೀರನ್ನು ಹದಿನೈದು ದಿನಕ್ಕೊಮ್ಮೆ ಕೊಡಬಹುದು. ಯೂರಿಯಾದಂತಹ ಸಾರಜನಕದ ಗೊಬ್ಬರವನ್ನು ಸುರಿದರೆ ಎಲೆ ಸೊಕ್ಕುತ್ತದೆ, ಹೂ ಬಡವಾಗುತ್ತದೆ, ಗಡ್ಡೆಯೂ ಬಾಳಿಕೆ ಬರುವುದಿಲ್ಲ.

ಮೊಗ್ಗುಗಳು ಮೂರರ ಗುಂಪಾಗಿ ಬರುತ್ತವೆ. ನಡುವಿನದನ್ನುಳಿಸಿ ಎರಡು ಬದಿಯವನ್ನು ಚಿವುಟಿದರೆ ಹೂ ದೊಡ್ಡದಾಗುತ್ತದೆ. ಅಕ್ಟೋಬರದ ನಡುವೆ ನೆಟ್ಟ ಗಡ್ಡೆ ಸುಮಾರು ಮೂರು ತಿಂಗಳಿಗೆ, ಸಂಕ್ರಾಂತಿಯ ಎಳ್ಳುಬೆಲ್ಲದ ಹೊತ್ತಿಗೆ ಹೂ ಬಿಡುತ್ತದೆ. ಬಾಡಿದ ಹೂವನ್ನು ತೆಗೆಯುತ್ತ ಹೋದರೆ ಹೋಳಿಯವರೆಗೂ ಹೂ ಬರುತ್ತದೆ. ಎಲೆಯ ಮೇಲೆ ಬಿಳಿಯ ಬೂದಿರೋಗ ಕಂಡರೆ ಆ ಎಲೆಗಳನ್ನು ತೆಗೆದು ಗಾಳಿಯಾಡುವಂತೆ ಮಾಡಬೇಕು. ಎಲೆಯಡಿಯ ಹೇನು, ನುಸಿಗಳಿಗೆ ಬೇವಿನೆಣ್ಣೆಯ ನೀರನ್ನು ಸಂಜೆಯಲ್ಲಿ ಸಿಂಪಡಿಸಬೇಕು.

ವಿಶ್ರಾಂತಿಯ ತಿಂಗಳುಗಳು

ಹೂವು ಮುಗಿಯಿತೆಂದು ಕುಂಡವನ್ನು ಮೂಲೆಗೆ ತಳ್ಳುವ ಈ ಹಂತದಲ್ಲಿಯೇ ಗಡ್ಡೆಯ ಸಾವು ಆರಂಭವಾಗುತ್ತದೆ. ಹಗಲು ಕುಗ್ಗಿದಾಗ ಡೇರೆಯು ಗಡ್ಡೆಯನ್ನು ಕಟ್ಟಲು ತೊಡಗುತ್ತದೆ. ಡಿಸೆಂಬರದಲ್ಲಿ ಮುಂಬಯಿಯ ಹಗಲು ಹನ್ನೊಂದು ಗಂಟೆಗೆ ಇಳಿಯುವುದರಿಂದ, ಮೇಲೆ ಹೂ ಬಿಡುತ್ತಿರುವಾಗಲೇ ಕೆಳಗೆ ಹೊಸ ಗಡ್ಡೆಗಳು ತುಂಬುತ್ತಿರುತ್ತವೆ. ಹೂ ನಿಂತ ಮೇಲೂ ಎಲೆ ಹಸುರಾಗಿರುವಷ್ಟು ದಿನ ಗಡ್ಡೆಗೆ ಆಹಾರ ಇಳಿಯುತ್ತದೆ. ಆದುದರಿಂದ ಮಾರ್ಚಿಯಲ್ಲಿ ನೀರನ್ನು ಮೆಲ್ಲಮೆಲ್ಲನೆ ಇಳಿಸಿ, ಎಲೆಗಳು ತಾವಾಗಿ ಹಳದಿಯಾಗುವವರೆಗೆ ಕಾಯಬೇಕು. ಬಳಿಕ ಕಾಂಡವನ್ನು ನಾಲ್ಕಾರು ಅಂಗುಲ ಬಿಟ್ಟು ಕತ್ತರಿಸಬೇಕು. ಡೇರೆಯ ಕಾಂಡ ಪೊಳ್ಳು. ಕತ್ತರಿಸಿದ ಕೊಳವೆಯಲ್ಲಿ ನೀರು ನಿಂತರೆ ಅದು ನೇರವಾಗಿ ಕಣ್ಣುಗಳಿರುವ ನೆತ್ತಿಗೆ ಇಳಿದು ಕೊಳೆಸುತ್ತದೆ. ಅದರ ಬಾಯಿಗೆ ಮೇಣವನ್ನಾಗಲಿ ಜೇಡಿಮಣ್ಣನ್ನಾಗಲಿ ಮೆತ್ತುವುದು ಕ್ಷೇಮ. ತಳಿಯ ಬಣ್ಣವನ್ನು ಬರೆದ ಚೀಟಿಯೊಂದನ್ನು ಆಗಲೇ ಕಟ್ಟಿಡಬೇಕು. ಮಲಗಿದ ಗಡ್ಡೆಗಳೆಲ್ಲ ನೋಡಲು ಒಂದೇ.

ಇನ್ನು ಎರಡು ಶತ್ರುಗಳನ್ನು ಒಂದಾದ ಮೇಲೊಂದರಂತೆ ಎದುರಿಸಬೇಕು. ಏಪ್ರಿಲ್, ಮೇ ತಿಂಗಳ ಉರಿ ಗಡ್ಡೆಯನ್ನು ಒಣಗಿಸಿ ಸುಕ್ಕಾಗಿಸುತ್ತದೆ. ಜೂನಿನಿಂದ ಸೆಪ್ಟೆಂಬರದವರೆಗಿನ ತೇವ ಅದನ್ನು ಕೊಳೆಸುತ್ತದೆ. ಮೊದಲನೆಯದಕ್ಕೆ ಮಾಡುವ ಉಪಾಯ ಎರಡನೆಯದಕ್ಕೆ ಅಪಾಯವಾಗುತ್ತದೆ ಎಂಬುದೇ ಇಲ್ಲಿನ ತೊಡಕು. ಗಡ್ಡೆಗೆ ಹಿತವಾದ ಉಷ್ಣತೆ 4ರಿಂದ 10 ಅಂಶ ಸೆಲ್ಸಿಯಸ್ ಎಂದು ಪರದೇಶದ ಪುಸ್ತಕಗಳು ಹೇಳುತ್ತವೆ. ಮೇ ತಿಂಗಳ ಡೊಂಬಿವಲಿಯಲ್ಲಿ ಅದು ಕನಸಿನ ಮಾತು. ಆದರೆ ತಂಪು ಸಾಧ್ಯವಿಲ್ಲದಿದ್ದರೂ ನೆರಳು, ಗಾಳಿ, ಹದವಾದ ಒಣಗುವಿಕೆ ಇವು ಮೂರು ಸಾಧ್ಯ. ಇವುಗಳಿಂದಲೇ ಹೆಚ್ಚಿನ ಗಡ್ಡೆಗಳನ್ನು ದಾಟಿಸಬಹುದು.

ಮೊದಲನೆಯ ಕ್ರಮ, ಗಡ್ಡೆಯನ್ನು ಕೀಳದೆ ಕುಂಡದಲ್ಲಿಯೇ ಇಡುವುದು. ಮಣ್ಣಿನ ಕುಂಡದವರಿಗೆ ಇದೇ ಸುಲಭವಾದುದು. ಕುಂಡವನ್ನು ಮನೆಯೊಳಗೆ ಬಿಸಿಲೂ ಮಳೆಯೂ ಮುಟ್ಟದ ಕಡೆ ಇಡಬೇಕು. ಮಳೆಗಾಳಿ ಇಲ್ಲಿ ನೈಋತ್ಯದಿಂದ ಬೀಸುವುದರಿಂದ ಚಳಿಗಾಲದಲ್ಲಿ ಹೂ ಕೊಟ್ಟ ತೆಂಕಣ ಗ್ಯಾಲರಿಯೇ ಮಳೆಗಾಲದಲ್ಲಿ ಎರಚಲಿಗೆ ಬಾಯ್ದೆರೆದು ನಿಲ್ಲುತ್ತದೆ. ಹೂವಿಗೆ ನಿಷ್ಪ್ರಯೋಜಕವಾಗಿದ್ದ ಬಡಗಣ ಗ್ಯಾಲರಿ ಈಗ ಗಡ್ಡೆಗೆ ತಾಯಿಮನೆ. ಬೇಸಿಗೆಯ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ ಕುಂಡದ ಅಂಚಿನಲ್ಲಿ ಒಂದು ಸೌಟು ನೀರು ಸಾಕು. ಜೂನಿನಲ್ಲಿ ಮಳೆ ಹಿಡಿದೊಡನೆ ಅದನ್ನೂ ನಿಲ್ಲಿಸಿಬಿಡಬೇಕು; ಆಮೇಲೆ ಗಾಳಿಯಲ್ಲಿರುವ ತೇವವೇ ಗಡ್ಡೆಗೆ ಸಾಲುತ್ತದೆ. ಕುಂಡವನ್ನು ನೆಲದ ಮೇಲಿಡದೆ ಎರಡು ಇಟ್ಟಿಗೆಗಳ ಮೇಲಿಟ್ಟರೆ ತಳದಿಂದಲೂ ಗಾಳಿಯಾಡುತ್ತದೆ. ನೆಲ ಅಂತಸ್ತಿನ ಮನೆಗಳವರು ಇನ್ನೂ ಎತ್ತರದಲ್ಲಿಡಬೇಕು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದ 2005ರ ಜುಲೈ 26ನ್ನು ಕಲ್ಯಾಣ, ಬದಲಾಪುರಗಳವರು ಇನ್ನೂ ಮರೆತಿಲ್ಲ. ಅಂತಹ ದಿನ ಮನುಷ್ಯರನ್ನೂ ಕಾಗದಪತ್ರಗಳನ್ನೂ ಮೇಲಕ್ಕೆ ಸಾಗಿಸುವುದರಲ್ಲಿ ಗಡ್ಡೆಯ ನೆನಪು ಯಾರಿಗೂ ಬಾರದು. ಆದುದರಿಂದ ಅದು ಮೊದಲೇ ಅಟ್ಟದ ಮೇಲಿರುವುದು ಲೇಸು.

ಎರಡನೆಯ ಕ್ರಮ, ಗಡ್ಡೆಯನ್ನು ಕಿತ್ತು ಮರಳಿನಲ್ಲಿಡುವುದು. ಜಾಗ ಇಲ್ಲದ ಒಂದು ಕೋಣೆಯ ಮನೆಗಳಿಗೆ ಇದು ಅನುಕೂಲ. ಕುಂಡವನ್ನು ಉರುಳಿಸಿ ಹೆಂಟೆಸಹಿತ ಗೊಂಚಲನ್ನು ತೆಗೆದು, ಕುತ್ತಿಗೆ ಮುರಿಯದಂತೆ ಮಣ್ಣನ್ನು ಉದುರಿಸಿ, ನೆರಳಿನಲ್ಲಿ ಎರಡು ದಿನ ಆರಿಸಬೇಕು. ಗಾಯಗಳಿಗೆ ಒಲೆಯ ಬೂದಿಯನ್ನಾಗಲಿ ಗಂಧಕದ ಪುಡಿಯನ್ನಾಗಲಿ ಹಚ್ಚಬೇಕು. ಆಮೇಲೆ ಮಣ್ಣಿನ ಪಾತ್ರೆಯಲ್ಲಿ ಮರಳನ್ನೋ ತೆಂಗಿನ ನಾರಿನ ಪುಡಿಯನ್ನೋ ಹಾಸಿ, ಗೊಂಚಲುಗಳು ಒಂದಕ್ಕೊಂದು ತಾಕದಂತೆ ಇಟ್ಟು ಮುಚ್ಚಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ನಿಲ್ಲದೆ ಉದುರುವಷ್ಟೇ ತೇವ ಅದರಲ್ಲಿರಲಿ. ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿಡುವುದು ಗಡ್ಡೆಯನ್ನು ಬೇಯಿಸಿಟ್ಟಂತೆ. ಗೊಂಚಲನ್ನು ಪಾಲು ಮಾಡುವ ಕೆಲಸವನ್ನು ಈಗ ಮಾಡಬಾರದು. ಇಡೀ ಗೊಂಚಲು ಬೇಗ ಒಣಗುವುದಿಲ್ಲ. ಕಣ್ಣುಗಳೂ ಈಗ ಕಾಣುವುದಿಲ್ಲ.

ಶೀತಕಪೆಟ್ಟಿಗೆಯಲ್ಲಿಡಬಹುದೇ ಎಂದು ಕೆಲವರು ಕೇಳುತ್ತಾರೆ. ತರಕಾರಿಯ ಖಾನೆಯಲ್ಲಿ, ರಂಧ್ರಗಳಿರುವ ಚೀಲದಲ್ಲಿ, ತುಸು ತೇವದ ನಾರಿನ ಪುಡಿಯೊಡನೆ ಒಂದೆರಡು ಗಡ್ಡೆಗಳನ್ನಿಡಬಹುದು. ಹಿಮಗಟ್ಟುವ ಖಾನೆಯಲ್ಲಿಟ್ಟರೆ ಅದು ಸತ್ತಂತೆಯೇ. ಮನೆಯ ಮಕ್ಕಳು ಗೆಣಸೆಂದು ಭಾವಿಸದಂತೆ ಚೀಟಿ ಅಂಟಿಸುವುದು ಅವಶ್ಯ.

ಕ್ರಮ ಯಾವುದಾದರೂ ಹದಿನೈದು ದಿನಕ್ಕೊಮ್ಮೆ ನೋಡುವುದನ್ನು ತಪ್ಪಿಸಬಾರದು. ಅಮಾವಾಸ್ಯೆ, ಹುಣ್ಣಿಮೆಗಳಂದು ನೋಡುವ ನಿಯಮವಿಟ್ಟುಕೊಂಡರೆ ಮರೆಯುವುದಿಲ್ಲ. ಗಡ್ಡೆ ಸುಕ್ಕಾಗಿದ್ದರೆ ಮರಳಿಗೆ ನಾಲ್ಕು ಹನಿ ನೀರು ಚಿಮುಕಿಸಬೇಕು. ಮೆತ್ತಗಾಗಿ ವಾಸನೆ ಬಂದಿದ್ದರೆ ಆ ಭಾಗವನ್ನು ಬಿಳಿಯ ತಿರುಳು ಕಾಣುವವರೆಗೆ ಕತ್ತರಿಸಿ ಬೂದಿ ಹಚ್ಚಿ ಬೇರೆಯಾಗಿ ಇಡಬೇಕು. ಹತ್ತು ಗಡ್ಡೆಗಳ ಗೊಂಚಲಿನಲ್ಲಿ ಎರಡು ಉಳಿದರೂ ತಳಿ ಉಳಿಯಿತು.

ಮರುಹುಟ್ಟು

ಆಗಸ್ಟಿನ ಕೊನೆಗೆ, ಯಾರೂ ನೀರು ಕೊಡದಿದ್ದರೂ, ಕೆಲವು ನೆತ್ತಿಗಳಲ್ಲಿ ಗುಲಾಬಿ ಅಥವಾ ಹಸುರು ಬಣ್ಣದ ಕಣ್ಣುಗಳು ಉಬ್ಬುತ್ತವೆ. ಆಗ ಹರಿತವಾದ ಚಾಕುವಿನಿಂದ ಒಂದೊಂದು ಕಣ್ಣು ಒಂದೊಂದು ಗಡ್ಡೆಗೆ ಬರುವಂತೆ ಗೊಂಚಲನ್ನು ಪಾಲು ಮಾಡಬೇಕು. ಒಂದೇ ಗಡ್ಡೆ ಉಳಿದಿದ್ದರೆ ಅದನ್ನು ಎರಚಲು ತಾಗದ ಬೆಳಕಿನಲ್ಲಿ ಚಿಗುರಲು ಬಿಟ್ಟು, ಚಿಗುರು ಮೂರು ಅಂಗುಲವಾದಾಗ ಗಿಣ್ಣಿನ ಕೆಳಗೆ ಕತ್ತರಿಸಿ, ಒದ್ದೆಮರಳಿನಲ್ಲಿ ಊರಬೇಕು. ಎರಡು ಮೂರು ವಾರಗಳಲ್ಲಿ ಅದು ಬೇರು ಬಿಡುತ್ತದೆ. ಹೀಗೆ ಒಂದು ಗಡ್ಡೆಯಿಂದ ನಾಲ್ಕೈದು ಗಿಡಗಳಾಗುತ್ತವೆ. ನಾಲ್ಕೂ ತಾಯಿಯ ಪಡಿಯಚ್ಚು.

ಅವುಗಳಲ್ಲಿ ಒಂದನ್ನು ಹೂವಿಗಾಗಿ ಬೆಳೆಸದೆ ನಾಲ್ಕು ಅಂಗುಲದ ಸಣ್ಣ ಕುಂಡದಲ್ಲಿಯೇ ಇರಗೊಡುವುದು ಜಾಣತನ. ಇಕ್ಕಟ್ಟಿನಲ್ಲಿ ಬೆಳೆದ ಗಿಡ ಸಣ್ಣದಾದ, ಗಟ್ಟಿಯಾದ ಗಡ್ಡೆಯ ಮುದ್ದೆಯೊಂದನ್ನು ಕಟ್ಟುತ್ತದೆ. ದೊಡ್ಡ ಗಡ್ಡೆಗಳು ಕೊಳೆತುಹೋದ ಮಳೆಗಾಲವನ್ನೂ ಅದು ದಾಟುವುದುಂಟು. ಕಪಾಟಿನ ಮೇಲಿನ ಅಂಗೈಯಗಲದ ಜಾಗ ಅದಕ್ಕೆ ಸಾಕು. ಇದನ್ನು ಗಡ್ಡೆಯ ವಿಮೆಯೆಂದೇ ತಿಳಿಯಬಹುದು.

ಆರೋಗ್ಯದ ದೃಷ್ಟಿಯಿಂದ

ಮೊದಲನೆಯದು ಹೆಸರಿನ ಗೊಂದಲ. ಡೇರೆಯ ಗಡ್ಡೆಯಲ್ಲಿರುವುದು ಪಿಷ್ಟವಲ್ಲ, ಇನ್ಯುಲಿನ್ ಎಂಬ ವಸ್ತು. ಹೆಸರಿನ ಹೋಲಿಕೆಯಿಂದ ಇದನ್ನು ಮಧುಮೇಹದ ಔಷಧವಾದ ಇನ್ಸುಲಿನ್ ಎಂದು ಭಾವಿಸಿ ಗಡ್ಡೆಯನ್ನು ಬೇಯಿಸಿ ತಿನ್ನುವ ಸಲಹೆ ಕೊಡುವವರು ಇದ್ದಾರು. ಇವೆರಡಕ್ಕೂ ಸಂಬಂಧವಿಲ್ಲ. ಇನ್ಸುಲಿನ್ ನಮ್ಮ ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ರಸ. ಟೊರಾಂಟೊದಲ್ಲಿ 1921ರಲ್ಲಿ ಅದನ್ನು ಬೇರ್ಪಡಿಸಲಾಗಿ 1922ರ ಜನವರಿಯಲ್ಲಿ ಮೊದಲ ರೋಗಿಗೆ ಚುಚ್ಚಲಾಯಿತು. ಇನ್ಯುಲಿನ್ ಒಂದು ನಾರು. ಅದು ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ, ಹೆಚ್ಚಾದರೆ ಹೊಟ್ಟೆಯುಬ್ಬರ. ವೈದ್ಯಶಾಸ್ತ್ರದಲ್ಲಿ ಅದರ ಶುದ್ಧರೂಪಕ್ಕೆ ಗೌರವದ ಸ್ಥಾನವಿದೆ. ರಕ್ತಕ್ಕೆ ಸೇರಿಸಿದ ಇನ್ಯುಲಿನನ್ನು ಮೂತ್ರಪಿಂಡವು ಸೋಸಿ ಹೊರಹಾಕುತ್ತದೆ, ಮರಳಿ ಹೀರುವುದಿಲ್ಲ. ಆದುದರಿಂದ ಮೂತ್ರಪಿಂಡದ ಸೋಸುವ ಶಕ್ತಿಯನ್ನು ಅಳೆಯಲು ಅದು ಪ್ರಮಾಣವಾಯಿತು. ಇಷ್ಟರಿಂದ ಕುಂಡದ ಗಡ್ಡೆ ಔಷಧವಾಗದು. ಅದರಲ್ಲಿಯೂ ನರ್ಸರಿಯ ಗಡ್ಡೆಗೆ ಶಿಲೀಂಧ್ರನಾಶಕ ಹಚ್ಚಿರುವ ಸಂಭವವುಂಟು. ಮಧುಮೇಹಿಗಳು ಗಡ್ಡೆಯನ್ನು ನೆಡಲಿ; ಔಷಧವನ್ನು ವೈದ್ಯರ ಮಾತಿನಂತೆ ಸೇವಿಸಲಿ.

ಎರಡನೆಯದು ಸೊಳ್ಳೆ. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆ ಹುಟ್ಟುವುದು ಗಟಾರದಲ್ಲಲ್ಲ, ಮನೆಯ ತಿಳಿನೀರಿನಲ್ಲಿ. ಕುಂಡದಡಿಯ ತಟ್ಟೆ ಅದಕ್ಕೆ ಬಲು ಪ್ರಿಯ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಅದರ ಮೊಟ್ಟೆಯೂ ಡೇರೆಯ ಗಡ್ಡೆಯಂತೆಯೇ ಒಣಗಿದ ತಟ್ಟೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ತಾಗಿದಾಗ ಏಳುತ್ತದೆ. ಆದುದರಿಂದ ವಾರಕ್ಕೊಮ್ಮೆ ನೀರನ್ನು ಚೆಲ್ಲಿದರಷ್ಟೇ ಸಾಲದು, ತಟ್ಟೆಯನ್ನು ತಿಕ್ಕಿ ತೊಳೆಯಬೇಕು. ಮಳೆಗಾಲದಲ್ಲಿ ತಟ್ಟೆಯನ್ನೇ ತೆಗೆದಿಟ್ಟರೆ ಗಡ್ಡೆಗೂ ಮನೆಯವರಿಗೂ ಹಿತ.

ಮೂರನೆಯದು ಭಾರ. ನೀರುಂಡ ದೊಡ್ಡ ಕುಂಡದ ತೂಕ ಹದಿನೈದು ಕಿಲೋ ಮೀರುತ್ತದೆ. ಗ್ಯಾಲರಿಯ ಕಟಕಟೆಯ ಮೇಲೆ ಅದನ್ನಿಡುವುದು ಕೆಳಗೆ ನಡೆಯುವವರ ಜೀವಕ್ಕೆ ಅಪಾಯ. ವಯಸ್ಸಾದವರು ಬಗ್ಗಿ ಎತ್ತದೆ, ಗಾಲಿಯ ಹಲಗೆಯ ಮೇಲಿಟ್ಟು ಸರಿಸಬೇಕು. ಮಣ್ಣಿನ ಕೆಲಸ ಮಾಡಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಡೇಲಿಯಾದ ಎಲೆಗಳ ಸ್ಪರ್ಶದಿಂದ ಕೆಲವರಿಗೆ ಚರ್ಮ ತುರಿಸುವುದುಂಟು, ಅಂತಹವರು ಕೈಚೀಲ ತೊಡಬೇಕು.

ಒಂದು ಬಣ್ಣ, ಎರಡು ಮನೆ

ಇಷ್ಟೆಲ್ಲ ಎಚ್ಚರವಿದ್ದರೂ ಒಂದು ವರ್ಷ ಗಡ್ಡೆ ಹೋಗಬಹುದು. ಬೇಸಿಗೆಯ ರಜೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋಗುವವರು, ಬಾಡಿಗೆಯ ಮನೆಯನ್ನು ಬದಲಿಸುವವರು, ಕಾಯಿಲೆಯಾದವರು ಹದಿನೈದು ದಿನಕ್ಕೊಮ್ಮೆ ಮರಳನ್ನು ಕೆದಕಿ ನೋಡುವುದೆಂತು? ಮಲೆನಾಡಿನ ಹೆಂಗಸರು ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು: ಕೇಳಿದವರಿಗೆ ಗಡ್ಡೆಯನ್ನು ಕೊಟ್ಟುಬಿಡುವುದು. ತಮ್ಮಲ್ಲಿ ಕೊಳೆತ ವರ್ಷ ಕೊಟ್ಟ ಮನೆಯಿಂದ ಮರಳಿ ಕೇಳಿ ತರುವುದು. ತಳಿಗಳನ್ನು ಇಷ್ಟು ಕಾಲ ಉಳಿಸಿದ ಭಂಡಾರ ಇದೇ. ಅದಕ್ಕೆ ಬೀಗವೂ ಇಲ್ಲ, ಲೆಕ್ಕವೂ ಇಲ್ಲ.

ಠಾಣೆಯಿಂದ ಕಲ್ಯಾಣದವರೆಗೆ, ಐರೋಳಿಯಿಂದ ಬೇಲಾಪುರದವರೆಗೆ ಕನ್ನಡಿಗರ ಸಂಘಗಳು ನವರಾತ್ರಿಯಲ್ಲಿ ಒಟ್ಟುಗೂಡುತ್ತವೆ. ಗಡ್ಡೆಗಳು ಕಣ್ಣು ಬಿಡುವುದೂ ಅದೇ ಹೊತ್ತು. ಸಭಾಭವನದ ಮೂಲೆಯಲ್ಲೊಂದು ಮೇಜನ್ನಿಟ್ಟು, ಬಣ್ಣದ ಚೀಟಿ ಕಟ್ಟಿದ ಗಡ್ಡೆಗಳನ್ನು ತಂದು ಬದಲಾಯಿಸಿಕೊಳ್ಳುವ ಪದ್ಧತಿ 

ಹಾಕಿಕೊಂಡರೆ ಖರ್ಚೇನೂ ಇಲ್ಲ. ಡೊಂಬಿವಲಿಯ ಬಣ್ಣವೊಂದು ನೆರೂಳಿನಲ್ಲಿಯೂ ಇದ್ದರೆ ಒಂದು ಮನೆಯ ಮರೆವು ಆ ತಳಿಯ ಅಂತ್ಯವಾಗದು. ಊರಿಗೆ ಹೋಗುವಾಗ ಒಂದೆರಡು ಗಡ್ಡೆಗಳನ್ನು ಪತ್ರಿಕೆಯಲ್ಲಿ ಸುತ್ತಿ, ಈ ಸಲ ಕುತ್ತಿಗೆ ಮುರಿಯದಂತೆ ಗಟ್ಟಿ ಡಬ್ಬಿಯಲ್ಲಿಟ್ಟು, ಜೊತೆಗೆ ಒಯ್ಯುವುದನ್ನೂ ಮರೆಯಬಾರದು. ತವರಿನ ಅಂಗಳದಲ್ಲಿ ಆ ಬಣ್ಣ ಈಗಾಗಲೇ ಇಲ್ಲವಾಗಿರಬಹುದು. ಅಲ್ಲಿನ ನೆರೆಮನೆಯಾಕೆ ಅದನ್ನು ಕಂಡು ಗುರುತಿಸಿ, ತನಗೊಂದು ಗಡ್ಡೆ ಬೇಕೆಂದು ಕೇಳಬಹುದು.